ಊರ ಹಳ್ಳಕ್ಕೂ ಬೇಕು ಹದ್ದುಬಸ್ತು

ಬಾಬುರಾಯನಕೊಪ್ಪಲಿನ ಬಯಲಲ್ಲಿ ನಾಟಿಗೆ ಕೆಸರು ಮಾಡುವ ದಿನ ಬದುವಿನ ಮೇಲೆ ನಿಂತು ನೋಡಿ. ಟಿಲ್ಲರ್ ಹಿಂದೆಯೇ ಬೆಳ್ಳಕ್ಕಿ ಸಾಲುಗಟ್ಟಿರುತ್ತವೆ. ಟಿಲ್ಲರ್ ಎಬ್ಬಿಸಿದ ಹುಳು, ಏಡಿಮರಿ, ಕಪ್ಪೆಯೇ ಅವಕ್ಕೆ ಊಟ. ರಂಗನತಿಟ್ಟು ಇಲ್ಲಿಂದ ದೂರವೇನಲ್ಲ. ಸಲೀಂ ಅಲಿ ಅವರ ಮಾತಿಗೆ ಬೆಲೆ ಕೊಟ್ಟು 1940ರಲ್ಲಿ ಮೈಸೂರು ಅರಸರು ಪಕ್ಷಿಧಾಮ ಮಾಡಿದ ಜಾಗ. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಆ ನಡುಗಡ್ಡೆಗಳು ಹಕ್ಕಿಗಳಿಗೆ ಬಾಣಂತಿ ಕೋಣೆಯಷ್ಟೇ. ಅಡುಗೆಮನೆ ಇರುವುದು ಸುತ್ತಲ ಊರುಗಳ ಗದ್ದೆ, ಕೆರೆ, ನಾಲೆಗಳಲ್ಲಿ. ಅಡುಗೆಮನೆ ಕೆಡವಿ ಸೈಟು ಮಾಡಿದರೆ ಕೋಣೆಗೆ ಬೀಗ ಹಾಕಿ ಕಾದು ಏನು ಬಂತು?

ಹಾಗಾಗಿ ಊರಿನ ಹಸಿರು ಯೋಜನೆ ಅಂದರೆ ಪಾರ್ಕು, ಕಲ್ಲುಬೆಂಚು ಅಲ್ಲ. ಇರುವ ಹಳ್ಳ, ತೋಪು, ಕೆರೆ, ಬದುಗಳನ್ನು ಒಂದಕ್ಕೊಂದು ಕಡಿಯದಂತೆ ಉಳಿಸಿಕೊಳ್ಳುವುದು. ಕಡಿದರೆ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯಲ್ಲೇ ಉದಾಹರಣೆಯಿದೆ. ತೋಳಕ್ಕೆಂದು 1974ರಲ್ಲಿ ಘೋಷಿಸಿದ ಮೇಲುಕೋಟೆ ವನ್ಯಧಾಮ ಮುದಿಬೆಟ್ಟ, ನಾರಾಯಣದುರ್ಗ ಎಂಬ ಎರಡು ತುಂಡು. ನಡುವೆ ಊರು, ಹೊಲ, ರಸ್ತೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಬೇಕಾದ ಪ್ರಾಣಿ ರೈತರ ಜಮೀನನ್ನೇ ಹಾಯಬೇಕು.

ನಮ್ಮ ಕಡೆ ಈ ಜೋಡಣೆಯ ದೊಡ್ಡ ದಾರ ಲೋಕಪಾವನಿ. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರ ತಾಲ್ಲೂಕು ಹಾದು, ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ನದಿ ಅನ್ನಲು ಬಾಯಿ ಬರದು. ಆದರೂ ದಡದ ಪೊದೆ, ಜೊಂಡು ಉಳಿದಿರುವಷ್ಟು ದೂರ ಅದು ಪ್ರಾಣಿಗಳ ಹೆದ್ದಾರಿಯೇ.

ಮೊದಲು ಕಾಗದ

ಸಸಿ ನೆಡುವ ಮಾತು ಆಮೇಲೆ. ಮೊದಲು ಗ್ರಾಮ ನಕ್ಷೆ ತೆಗೆಸಿ. ಸರ್ವೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಿಗುತ್ತದೆ. ಹಳ್ಳ, ಬಂಡಿದಾರಿ, ಕೆರೆ, ಗುಂಡುತೋಪು, ಗೋಮಾಳಗಳಿಗೆ ಒಂದೊಂದು ಬಣ್ಣ ಹಚ್ಚಿ. ನಂತರ ಪಹಣಿಯ ಖರಾಬು ಕಲಂ ನೋಡಿ. ‘ಎ’ ಖರಾಬು ಎಂದರೆ ಬಂಡೆ, ಕಲ್ಲುನೆಲದಂಥ ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಸ್ವತ್ತು. ಸುತ್ತಲ ಜಮೀನು ಯಾರ ಹೆಸರಿಗೇ ಇರಲಿ, ಇದು ಊರಿನದು. ನಕ್ಷೆಯಲ್ಲಿ ಅಗಲವಾಗಿರುವ ಹಳ್ಳ ನೆಲದ ಮೇಲೆ ಕಬ್ಬಿನ ಎರಡು ಸಾಲಿನ ನಡುವಿನ ಕಾಲುವೆ ಆಗಿರುವುದು ಹೊಸ ಸಂಗತಿಯಲ್ಲ.

ಮೊಬೈಲಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ. ಅದು ಅಂದಾಜಿಗೆ ಸಾಕು, ಜಗಳಕ್ಕೆ ಸಾಲದು. ಒತ್ತುವರಿ ಅನುಮಾನವಿದ್ದರೆ ಪಂಚಾಯಿತಿಯಿಂದಲೇ ಹದ್ದುಬಸ್ತಿಗೆ ಬರೆಸಿ. ಒಬ್ಬ ರೈತನ ಹೆಸರು ಹಿಡಿದು ದೂರು ಕೊಡಬೇಡಿ. ಇಡೀ ಹಳ್ಳವನ್ನು ಈ ತುದಿಯಿಂದ ಆ ತುದಿಗೆ ಅಳೆಸಿ, ಕಲ್ಲು ನೆಡಿಸಿ. ಆಗ ಊರಲ್ಲಿ ಮುಖ ಕೆಡುವುದಿಲ್ಲ.

ಆಮೇಲೆ ಕಾಲ್ನಡಿಗೆ

ನೀರುಗಂಟಿಯನ್ನು, ಕುರಿ ಮೇಯಿಸುವವರನ್ನು, ಮೀನು ಹಿಡಿಯುವವರನ್ನು ಕರೆದುಕೊಂಡು ನಡೆಯಿರಿ. ನೀರುನಾಯಿ ಎಲ್ಲಿ ದಡ ಹತ್ತುತ್ತದೆ, ಮುಂಗುಸಿ ಯಾವ ಬೇಲಿಯಲ್ಲಿ ನುಸುಳುತ್ತದೆ, ಯಾವ ಮರದಲ್ಲಿ ಗೂಬೆಯಿದೆ ಎಂಬುದು ಅವರಿಗೆ ಗೊತ್ತು. ರಸ್ತೆಯಡಿಯ ಮೋರಿಗಳನ್ನು ಬಗ್ಗಿ ನೋಡಿ. ಒಂದು ಬದಿಯಾದರೂ ಒಣಗಿದ್ದು ಬಾಯಿ ತೆರೆದಿದ್ದರೆ ಸಣ್ಣ ಪ್ರಾಣಿ ಅದರಲ್ಲೇ ದಾಟುತ್ತದೆ. ಪ್ಲಾಸ್ಟಿಕ್ ತುಂಬಿದ್ದರೆ ರಸ್ತೆ ಹತ್ತಿ ಸಾಯುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮೋರಿ ಬಿಡಿಸುವುದೇ ಅತಿ ಅಗ್ಗದ ವನ್ಯಜೀವಿ ಕಾರಿಡಾರ್.

ಕಂಡದ್ದನ್ನೆಲ್ಲ ಬರೆಯಲು ಪುಸ್ತಕವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಪಿಡಿಒ ಅವರನ್ನು ಕೇಳಿ, ಕಪಾಟಿನಿಂದ ತೆಗೆಸಿ ಓದಿ. ನಿಮ್ಮೂರಿನ ಹಳ್ಳದ ಹೆಸರೇ ಅದರಲ್ಲಿಲ್ಲದಿದ್ದರೆ ಸೇರಿಸುವ ಕೆಲಸ ನಿಮ್ಮದು.

ಜೋಡಿಸುವುದು ಹೇಗೆ?

ಮರಗಳ ನಡುವೆ ಖಾಲಿ ಬಿದ್ದ ಜಾಗವನ್ನೇ ಹುಡುಕಿ ನೆಡಿ. ತುಮಕೂರು ಜಿಲ್ಲೆಯ ನಾಗವಲ್ಲಿಯ ಕಾಡುಪಾಪಗಳನ್ನು ನೆನೆಯಿರಿ: ಕೊಂಬೆಯಿಂದ ಕೊಂಬೆಗೆ ನಡೆಯುವ ಪ್ರಾಣಿಗೆ ಸಾಲಿನ ನಡುವೆ ಒಂದು ಮರ ಬಿದ್ದರೆ ದಾರಿಯೇ ತಪ್ಪುತ್ತದೆ. ಹಳ್ಳದ ದಡಕ್ಕೆ ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ. ಮಣ್ಣು ಹಿಡಿಯಲು ಕೇದಗೆ. ದಡದ ಜೊಂಡನ್ನು ‘ಸ್ವಚ್ಛತೆ’ ಹೆಸರಲ್ಲಿ ಜೆಸಿಬಿಯಿಂದ ಕೆರೆಯುವುದು ಬೇಡ. ಗುಂಡಿ ಮೇ ತಿಂಗಳಲ್ಲೇ ತೆಗೆಸಿ, ಜೂನ್ ಮಳೆಗೆ ನೆಡಿ, ಆಡು ಮೇಯದಂತೆ ಜಾಲಿಮುಳ್ಳು ಕಟ್ಟಿ. ಪರಿಸರ ದಿನ ಫೋಟೊ ತೆಗೆಸಿಕೊಂಡು ಮಾರ್ಚ್ ತಿಂಗಳಲ್ಲಿ ಕಡ್ಡಿ ಮಾತ್ರ ಉಳಿಸಿಕೊಂಡ ಊರುಗಳನ್ನು ಸಾಕಷ್ಟು ಕಂಡಿದ್ದೇನೆ. ಐನೂರು ಸಸಿಗಿಂತ ನೀರು ಹಾಕುವವರ ಹೆಸರಿರುವ ಐವತ್ತು ಸಸಿ ಮೇಲು.

ಚಿರತೆ ಬರುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚಿರತೆಗೆ ಕಬ್ಬಿನ ಗದ್ದೆಯೇ ಸಾಕಾಗಿದೆ, ನಿಮ್ಮ ಅತ್ತಿಮರ ಕಾಯುತ್ತಿಲ್ಲ. ಅದನ್ನು ಊರಿಗೆ ಎಳೆಯುವುದು ಕೋಳಿ ಅಂಗಡಿಯವರು ಹಳ್ಳಕ್ಕೆ ಸುರಿದ ಮೂಟೆ. ಮೂಟೆಗೆ ನಾಯಿ ಸೇರುತ್ತವೆ, ನಾಯಿಗೆ ಚಿರತೆ ಬರುತ್ತದೆ. ಯೋಜನೆಯಲ್ಲಿ ಈ ಒಂದು ಸಾಲು ಕಡ್ಡಾಯವಾಗಿರಲಿ: ಹಳ್ಳದ ಬಳಿ ಮಾಂಸದ ತ್ಯಾಜ್ಯ ಸುರಿದರೆ ದಂಡ. ಹಾಗೆಯೇ ಕೆರೆ ಏರಿಗೆ ಹೈಮಾಸ್ಟ್ ದೀಪ ಬೇಡ. ಜನ ನಡೆಯುವ ದಾರಿಗೆ ತಗ್ಗಿನ ದೀಪ ಸಾಕು.

ಗ್ರಾಮಸಭೆಗೆ ಹೋಗುವಾಗ

ಬಣ್ಣ ಹಚ್ಚಿದ ನಕ್ಷೆ ಗೋಡೆಗೆ ಅಂಟಿಸಿ, ಮಾತು ಕಡಿಮೆ ಮಾಡಿ. ‘ಪರಿಸರ ಉಳಿಸಬೇಕು’ ಎಂಬ ನಿರ್ಣಯ ಯಾರಿಗೂ ಬೇಡ. ಇಂಥ ಸರ್ವೆ ನಂಬರಿನ ಹಳ್ಳ, ಇಷ್ಟು ಗುಂಟೆ, ಇದನ್ನು ಯಾವ ಕಟ್ಟಡಕ್ಕೂ ಕೊಡುವುದಿಲ್ಲ ಎಂದು ನಡವಳಿಯಲ್ಲಿ ಬರೆಸಿ, ಪ್ರತಿ ಪಡೆಯಿರಿ. ಬೆಂಗಳೂರು–ಮೈಸೂರು ಹೆದ್ದಾರಿ ಬದಿಯ ಊರಿಗೆ ಲೇಔಟ್ ಅರ್ಜಿ ಇವತ್ತಲ್ಲ ನಾಳೆ ಬರುತ್ತದೆ. ಆಗ ಪಾರ್ಕಿಗೆ ಬಿಡುವ ಜಾಗ ಮೂಲೆಯಲ್ಲಲ್ಲ, ಹಳ್ಳಕ್ಕೆ ಅಂಟಿಕೊಂಡೇ ಇರಲಿ ಎಂದು ಕೇಳಲು ಈ ಕಾಗದವೇ ಆಧಾರ.

ಖಾಸಗಿ ಮರಗಳ ವಿಷಯಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಂದು ದಿನ ಹೋಗಿಬನ್ನಿ. ಮನೆಯಂಗಳದ ಹುಣಸೆ, ಆಲ, ಅರಳಿಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಜನ ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಅಭಿಮಾನದಿಂದಷ್ಟೇ ಅದು ನಡೆದಿಲ್ಲ. ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರ, ಗೂಡಿರುವ ಮರದ ಒಡೆಯನಿಗೆ ಅರಣ್ಯ ಇಲಾಖೆಯ ಪರಿಹಾರ, 2007ರಲ್ಲಿ ಸಮುದಾಯ ಮೀಸಲು ಎಂಬ ಘೋಷಣೆ ಎಲ್ಲವೂ ಸೇರಿವೆ. ಹೋದಾಗ ಹಕ್ಕಿ ನೋಡಿದ ಮೇಲೆ ಮರದ ಒಡೆಯರ ಜೊತೆ ಜಗುಲಿಯಲ್ಲಿ ಕೂತು, ಪರಿಹಾರ ಯಾವ ತಿಂಗಳು ಕೈಸೇರುತ್ತದೆ ಎಂದು ಕೇಳಿ ಬರೆದುಕೊಳ್ಳಿ.