ದಿನ ಲೆಕ್ಕವಿಟ್ಟು ಹೋಗಿ

ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆಗೆ ಅಂಟಿಸಿದ ‘ಗುಪ್ತರೋಗಕ್ಕೆ ಖಚಿತ ಪರಿಹಾರ’ ಎಂಬ ಚೀಟಿಯನ್ನು ಕದ್ದಾದರೂ ಓದದವರು ಕಡಿಮೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ವಿಷಯದ ಮೊದಲ ಪಾಠ ಆ ಗೋಡೆಯಿಂದಲೇ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿಗೆ ಔಷಧಿಗಿಂತ ಮೊದಲು ಪರೀಕ್ಷೆ ಬೇಕು, ಆ ಪರೀಕ್ಷೆಗೂ ಒಂದು ಹೊತ್ತು ಇದೆ ಎನ್ನುವುದನ್ನು ಮಾತ್ರ ಚೀಟಿ ಹೇಳುವುದಿಲ್ಲ.

ನರ್ಸಿಂಗ್ ಮಕ್ಕಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು: ನಿನ್ನೆ ರಾತ್ರಿ ಕಾಂಡೋಮ್ ಇಲ್ಲದೆ ಸಂಪರ್ಕವಾಗಿದೆ, ಇವತ್ತು ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟರೆ ನೆಗೆಟಿವ್ ಬಂತು. ನಿಶ್ಚಿಂತೆಯೇ? ಅರ್ಧ ತರಗತಿ ಹೌದೆನ್ನುತ್ತದೆ. ನಿನ್ನೆ ರಾಗಿ ಬಿತ್ತಿ ಇವತ್ತು ಹೊಲದಲ್ಲಿ ಪೈರಿಲ್ಲ ಎಂದ ಹಾಗಾಯಿತು! ಬೆರಳಿಗೆ ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆ ಸಾಮಾನ್ಯವಾಗಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು. ಅದು ರಕ್ತದಲ್ಲಿ ಕಾಣುವಷ್ಟಾಗಲು ವಾರಗಳೇ ಬೇಕು. ಈ ನಡುವಿನ ಕಾಲವೇ ವಿಂಡೋ ಪೀರಿಯಡ್. ಲ್ಯಾಬಿನಲ್ಲಿ ಆ್ಯಂಟಿಜೆನ್, ಪ್ರತಿಕಾಯ ಎರಡನ್ನೂ ನೋಡುವ ಪರೀಕ್ಷೆಯಾದರೆ 45 ದಿನ, ರ‍್ಯಾಪಿಡ್ ಆದರೆ 90 ದಿನ ಕಳೆದ ಮೇಲೆ ಬಂದ ನೆಗೆಟಿವ್ ಅನ್ನು ನಂಬಬಹುದು.

ಹಾಗಂತ ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೂರಬೇಡಿ. ಅಪಾಯದ ಸಂಪರ್ಕವಾಗಿ 72 ಗಂಟೆ ದಾಟಿಲ್ಲವಾದರೆ ಪರೀಕ್ಷೆಯ ಚಿಂತೆಗೂ ಮುಂಚೆ ಆಸ್ಪತ್ರೆಗೆ ಓಡಿ. ಎಚ್‌ಐವಿ ಬೇರೂರದಂತೆ ತಡೆಯುವ ‘ಪೆಪ್’ ಮಾತ್ರೆಗಳಿವೆ; ವೈದ್ಯರು ಬೇಕೆಂದರೆ 28 ದಿನ ತಪ್ಪದೆ ನುಂಗಬೇಕು. ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ಸಿಫಿಲಿಸ್ ಮಹಾ ಮೋಸಗಾರ. ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಗುಪ್ತಾಂಗದ ಮೇಲೋ ಬಾಯಲ್ಲೋ ಒಂದು ಹುಣ್ಣು ಏಳುತ್ತದೆ. ನೋವಿಲ್ಲ, ತುರಿಕೆಯಿಲ್ಲ. ಮೆಡಿಕಲ್ ಶಾಪಿನಿಂದ ಯಾವುದೋ ಮುಲಾಮು ತಂದು ಹಚ್ಚುತ್ತಾರೆ, ಕೆಲವೇ ವಾರಗಳಲ್ಲಿ ಹುಣ್ಣು ಮಾಯ. ಮುಲಾಮು ಕೆಲಸ ಮಾಡಿತು ಎಂದು ನಾಲ್ಕು ಜನಕ್ಕೆ ಅದನ್ನೇ ಹೇಳುವವರೂ ಇದ್ದಾರೆ. ಹುಣ್ಣು ತಾನಾಗಿಯೇ ಒಣಗುವುದು ಅದರ ಗುಣ. ರೋಗ ಒಳಗೇ ಇರುತ್ತದೆ. ಗರ್ಭಿಣಿಯಲ್ಲಿದ್ದರೆ ಮಗುವಿಗೂ ದಾಟುತ್ತದೆ. ಹಾಗಾಗಿಯೇ ಬಸಿರಿನ ಮೊದಲ ತಪಾಸಣೆಯಲ್ಲಿ ಎಚ್‌ಐವಿ ಜೊತೆಗೆ ಸಿಫಿಲಿಸ್‌ಗೂ ರಕ್ತ ನೋಡುತ್ತಾರೆ. ತಾಯಿ ಕಾರ್ಡ್ ಮಾಡಿಸಲು ಹೋದ ಹೆಣ್ಣುಮಗಳು ‘ನನ್ನ ಮೇಲೆ ಅನುಮಾನವೇ?’ ಎಂದು ನೊಂದುಕೊಳ್ಳಬೇಕಿಲ್ಲ, ಅದು ಎಲ್ಲರಿಗೂ ಮಾಡುವ ಪರೀಕ್ಷೆ. ಸಿಕ್ಕಿಬಿದ್ದರೆ ಪೆನ್ಸಿಲಿನ್ ಚುಚ್ಚುಮದ್ದಿಗೆ ವಾಸಿಯಾಗುತ್ತದೆ.

ಮೂತ್ರ ಉರಿ, ಕೀವು, ವಾಸನೆಯ ಬಿಳಿ ಹೋಗುವುದು, ಕೆಳಹೊಟ್ಟೆ ನೋವು ಇದ್ದರೆ ದಿನದ ಲೆಕ್ಕ ಬೇಡ, ಅವತ್ತೇ ಹೋಗಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ನುಂಗಿ ಹೋಗಬೇಡಿ, ಫಲಿತಾಂಶ ಕೆಡುತ್ತದೆ. ಲಕ್ಷಣವೇ ಇಲ್ಲದಿದ್ದರೆ ಗೊನೋರಿಯಾ, ಕ್ಲಮೈಡಿಯಾಗಳಿಗೆ ಎರಡು ವಾರ ಕಳೆದ ಮೇಲಿನ ಪರೀಕ್ಷೆ ಸರಿ. ಹೆಂಗಸರಲ್ಲಿ ಕ್ಲಮೈಡಿಯಾ ಹೆಚ್ಚಾಗಿ ಸದ್ದೇ ಮಾಡುವುದಿಲ್ಲ. ಈ ಎರಡರ ಪರೀಕ್ಷೆಗೆ ಗಂಡಸರಿಂದ ಕೇಳುವ ಮೂತ್ರ ಮೊದಲ ಧಾರೆಯದ್ದು, ಅದೂ ಒಂದು ಗಂಟೆಯಾದರೂ ಮೂತ್ರ ಮಾಡದೆ ಇದ್ದು ಹಿಡಿದದ್ದು. ಬೇರೆ ಮೂತ್ರ ಪರೀಕ್ಷೆಗೆ ನಡುವಿನ ಧಾರೆ ಕೊಟ್ಟು ರೂಢಿಯಾದವರು ಇಲ್ಲೇ ಎಡವುವುದು.

ಸಂಗಾತಿ ಬದಲಾದಾಗ, ಒಬ್ಬರಿಗಿಂತ ಹೆಚ್ಚು ಮಂದಿಯೊಂದಿಗೆ ಸಂಬಂಧವಿದ್ದರೆ ವರ್ಷಕ್ಕೊಮ್ಮೆಯಾದರೂ, ಸಂಗಾತಿಗೆ ಸೋಂಕೆಂದು ತಿಳಿದ ಕೂಡಲೇ ಪರೀಕ್ಷೆ ಮಾಡಿಸಿ. ಒಬ್ಬರಿಗೆ ಮಾತ್ರ ಔಷಧಿ ಕೊಟ್ಟರೆ ಸೋಂಕು ಇಬ್ಬರ ನಡುವೆ ಓಡಾಡಿಕೊಂಡಿರುತ್ತದೆ.

ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆಗೆ ಕಾಸು ಕೊಡಬೇಕಿಲ್ಲ. ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಕರೆ ಮಾಡಿ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಫಲಿತಾಂಶ ಬಯಲು ಮಾಡುವುದನ್ನೂ 2017ರ ಎಚ್‌ಐವಿ ಕಾಯಿದೆ ತಡೆಯುತ್ತದೆ. ಒಳಗೆ ಆಪ್ತಸಮಾಲೋಚಕರು ‘ಕೊನೆಯ ಸಂಪರ್ಕ ಯಾವಾಗ ಆಯ್ತು?’ ಎಂದು ಕೇಳುತ್ತಾರೆ. ನಾಚಿಕೆಗೆ ‘ಆಗಿ ತುಂಬಾ ದಿನವಾಯ್ತು ಮೇಡಂ’ ಎಂದು ತೇಲಿಸಬೇಡಿ, ತಾರೀಕು ಹೇಳಿ. ಮತ್ತೆ ಯಾವತ್ತು ಬರಬೇಕೆಂದು ಅವರು ಲೆಕ್ಕ ಹಾಕುವುದು ಅದರಿಂದಲೇ.