ಸ್ಕ್ಯಾನ್ ನಾರ್ಮಲ್, ಹೆಲ್ಮೆಟ್ ನಾರ್ಮಲ್, ಆದ್ರೆ ತಲೆ?

ಹೋದ ಸೆಮ್‌ನಲ್ಲಿ ನಮ್ಮ ಗ್ಯಾಂಗಿನ ಒಬ್ಬ ಗೆಳೆಯ ಹಳೇ ಕಲ್ಲು ಕ್ವಾರಿಯ ಹತ್ತಿರದ ಮಣ್ಣು ದಾರಿಯಲ್ಲಿ ಬೈಕ್‌ನಿಂದ ಬಿದ್ದ. ದೊಡ್ಡ ಸ್ಪೀಡ್ ಏನಿರಲಿಲ್ಲ, ಮೂವತ್ತೋ ಮೂವತ್ತೈದೋ ಇರಬಹುದು. ಮುಂದಿನ ಚಕ್ರ ಒಂದು ಕೊರಕಲಿಗೆ ಇಳಿದು ತಿರುಚಿಕೊಂಡಿತು, ಇವನು ಹ್ಯಾಂಡಲ್ ಮೇಲಿಂದ ಹಾರಿ ತಲೆಯ ಎಡಭಾಗ ನೆಲಕ್ಕೆ ಬಡಿಯುವ ಹಾಗೆ ಬಿದ್ದ. ಪ್ರಜ್ಞೆ ತಪ್ಪಲಿಲ್ಲ. ಎದ್ದು ಕೂತು, ಧೂಳು ಕೊಡವಿಕೊಂಡು, "ಏನೂ ಆಗಿಲ್ಲ ಮಗಾ" ಅಂದ. ಆಮೇಲೆ ಹತ್ತು ನಿಮಿಷದಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ: "ನಾವು ಇಲ್ಲಿಗೆ ಯಾವ ದಾರೀಲಿ ಬಂದ್ವಿ?" ನಾವೆಲ್ಲ ನಕ್ವಿ. ನಗುವ ವಿಷಯ ಅಲ್ಲ ಅದು ಅಂತ ಆಗ ಗೊತ್ತಿರಲಿಲ್ಲ.

ಸಂಜೆ ಹಾಸ್ಟೆಲ್‌ನಲ್ಲಿ ತಲೆನೋವು ಅಂದ, ಒಂದು ಸಲ ವಾಂತಿಯೂ ಆಯ್ತು. ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸಿಟಿ ಸ್ಕ್ಯಾನ್ ಮಾಡಿದ್ರು, ರಿಪೋರ್ಟ್ ನಾರ್ಮಲ್. ಚೀಟಿಯಲ್ಲಿ ವಿಶ್ರಾಂತಿ ಬಗ್ಗೆ ನಾಲ್ಕು ಸಾಲು ಬರೆದಿತ್ತು, ಅದನ್ನು ನಾವ್ಯಾರೂ ಸರಿಯಾಗಿ ಓದಲಿಲ್ಲ. ರೂಮಿಗೆ ಬಂದು ಹೆಲ್ಮೆಟ್ ನೋಡಿದ್ವಿ, ಒಂದು ಗೀರು ಬಿಟ್ರೆ ಅದೂ ನಾರ್ಮಲ್. ಎರಡು ನಾರ್ಮಲ್ ಸೇರಿಸಿ ಹುಡುಗನೂ ನಾರ್ಮಲ್ ಅಂತ ನಾವೇ ತೀರ್ಪು ಕೊಟ್ಟುಬಿಟ್ವಿ. ಅಟೆಂಡೆನ್ಸ್ ಶಾರ್ಟೇಜ್ ಭಯಕ್ಕೆ ಮೂರನೇ ದಿನ ಕ್ಲಾಸು, ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಲ್ಯಾಬ್ ರೆಕಾರ್ಡು, ಆರನೇ ದಿನ ಫುಟ್‌ಬಾಲ್. ಅವತ್ತು ರಾತ್ರಿ ಟ್ಯೂಬ್‌ಲೈಟ್ ನೋಡೋಕೂ ಆಗದೆ ಮುಖಕ್ಕೆ ಟವೆಲ್ ಹಾಕ್ಕೊಂಡು ಮಲಗಿದ. ಪೂರ್ತಿ ಸರಿಹೋಗೋಕೆ ಏಳು ವಾರ ಹಿಡಿಯಿತು. ಒಂದು ಇಂಟರ್ನಲ್ಸ್ ಹೋಯ್ತು.

ಆ ಎರಡು ನಾರ್ಮಲ್‌ಗಳು ನಮ್ಮನ್ನು ಹೇಗೆ ಮೋಸಗೊಳಿಸಿದವು ಅಂತ ತಿಳಿಯೋಕೆ ಆ ಏಳು ವಾರದಲ್ಲಿ ನಾವು ಒಂದಷ್ಟು ಓದಿದ್ವಿ, ಡಾಕ್ಟರ್ ಹತ್ತಿರ ಮತ್ತೆ ಮತ್ತೆ ಹೋಗಿ ಕೇಳಿದ್ವಿ. ಅದನ್ನೇ ಇಲ್ಲಿ ಬರೀತಿದ್ದೀವಿ.

ಮೊದಲು ಸ್ವಲ್ಪ ಲೆಕ್ಕ

ನಿಂತ ಎತ್ತರದಿಂದ, ಅಂದ್ರೆ ಸುಮಾರು 1.6 ಮೀಟರ್‌ನಿಂದ, ತಲೆ ನೆಲಕ್ಕೆ ಬೀಳುತ್ತೆ ಅಂದ್ಕೊಳ್ಳಿ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 5.6 ಮೀಟರ್, ಗಂಟೆಗೆ 20 ಕಿಲೋಮೀಟರ್. ಈ ವೇಗ ಸೊನ್ನೆ ಆಗೋಕೆ ತಲೆಗೆ ಎಷ್ಟು ದೂರ ಸಿಗತ್ತೆ ಅನ್ನೋದೇ ಇಡೀ ವಿಷಯ. ಪಿಯುಸಿ ಸಮೀಕರಣಗಳನ್ನು ಒಂದರೊಳಗೊಂದು ಹಾಕಿ ಬಿಡಿಸಿದ್ರೆ ಬಹಳ ಚಂದದ ಉತ್ತರ ಬರತ್ತೆ: ತಲೆಗೆ ಬೀಳುವ ಸರಾಸರಿ 'ಜಿ' ಅಂದ್ರೆ ಬಿದ್ದ ಎತ್ತರವನ್ನು ನಿಲ್ಲೋಕೆ ಸಿಕ್ಕ ದೂರದಿಂದ ಭಾಗಿಸಿದ್ದು, ಅಷ್ಟೇ. ಬರೀ ತಲೆ ಕಲ್ಲಿಗೆ ಬಡಿದು 3 ಮಿಲಿಮೀಟರ್‌ನಲ್ಲಿ ನಿಂತರೆ 530 ಜಿಗಿಂತ ಹೆಚ್ಚು. ಹೆಲ್ಮೆಟ್ ಒಳಗಿನ ಫೋಮ್ 25 ಮಿಲಿಮೀಟರ್ ಕುಸಿದು ನಿಲ್ಲಿಸಿದರೆ 64 ಜಿ. ಇದು ಸರಾಸರಿ ಲೆಕ್ಕ, ನಿಜವಾದ ಗರಿಷ್ಠ ಇದಕ್ಕಿಂತ ಜಾಸ್ತಿ ಇರತ್ತೆ. ಆದ್ರೂ ಹೆಲ್ಮೆಟ್ ಏನು ಮಾಡುತ್ತೆ ಅನ್ನೋದು ಈ ಒಂದು ಭಾಗಾಕಾರದಲ್ಲೇ ಇದೆ. ಅದು ತಲೆಗೆ ನಿಲ್ಲೋಕೆ ಜಾಗ ಕೊಡುತ್ತೆ.

ಆ ಜಾಗ ಕೊಡೋದು ಹೊರಗಿನ ಹೊಳೆಯುವ ಚಿಪ್ಪಲ್ಲ, ಒಳಗಿನ ಇಪಿಎಸ್ ಫೋಮ್. ಟಿವಿ ಬಾಕ್ಸ್‌ನಲ್ಲಿ ಬರೋ ಥರ್ಮಾಕೋಲ್‌ನ ಗಟ್ಟಿ ಅಣ್ಣ ಅಂದ್ಕೊಳ್ಳಿ. ಸ್ಪಂಜಿನ ಹಾಗೆ ಪುಟಿದು ಬಂದರೆ ಅದು ತಲೆಯನ್ನು ವಾಪಸ್ ಎಸೆಯುತ್ತೆ, ಅದು ನಮಗೆ ಬೇಡ. ಇಪಿಎಸ್ ಕುಸಿಯುತ್ತೆ, ಕುಸಿದ ಹಾಗೇ ಉಳಿಯುತ್ತೆ. ಹಾಗಾಗಿ ಒಂದು ಜಾಗದಲ್ಲಿ ಅದು ಸರಿಯಾಗಿ ಕೆಲಸ ಮಾಡೋದು ಒಂದೇ ಸಲ.

ಈಗ ಒಂದು ಕಹಿ ಅಂಕಿ. ಅಮೆರಿಕದ ಡಾಟ್ ಪರೀಕ್ಷೆಯಲ್ಲಿ ಹೆಲ್ಮೆಟ್ ಒಳಗಿನ ಡಮ್ಮಿ ತಲೆಗೆ ಗರಿಷ್ಠ 400 ಜಿವರೆಗೆ ಅವಕಾಶ ಇದೆ. ಯುರೋಪಿನ ಇಸಿಇ 22.05ರಲ್ಲಿ ಈ ಮಿತಿ 275 ಜಿ. ಆದ್ರೆ ಅಮೆರಿಕನ್ ಫುಟ್‌ಬಾಲ್ ಆಟಗಾರರ ಹೆಲ್ಮೆಟ್‌ನಲ್ಲಿ ಸೆನ್ಸರ್ ಇಟ್ಟು ಅಳೆದಾಗ ಕನ್‌ಕಶನ್ ಆಗಿದ್ದು 100 ಜಿ ಆಸುಪಾಸಿನ ಪೆಟ್ಟುಗಳಲ್ಲಿ, ಕೆಲವರಿಗೆ ಅದಕ್ಕಿಂತ ಕಡಿಮೆಯಲ್ಲೂ. ಅಂದ್ರೆ ಈ ಮಿತಿಗಳನ್ನು ಇಟ್ಟಿದ್ದು ತಲೆಬುರುಡೆ ಒಡೆದು ಜೀವ ಹೋಗದಿರಲಿ ಅಂತ. ಹೆಲ್ಮೆಟ್ ಪರೀಕ್ಷೆಯಲ್ಲಿ ಪಾಸಾಗಿ, ನಿಮ್ಮ ಜೀವ ಉಳಿಸಿ, ಆದ್ರೂ ನಿಮಗೆ ಕನ್‌ಕಶನ್ ಆಗಬಹುದು. ಎರಡರ ನಡುವೆ ಅಷ್ಟು ದೊಡ್ಡ ಗ್ಯಾಪ್ ಇದೆ.

ಮೊಸರಿನ ಪಾತ್ರೆ

ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದ ಟಿ. ಇ. ಲಾರೆನ್ಸ್ 1935ರಲ್ಲಿ ಇಂಗ್ಲೆಂಡಿನಲ್ಲಿ ಬೈಕ್‌ನಿಂದ ಬಿದ್ದು, ಆರು ದಿನದ ನಂತರ ತೀರಿಕೊಂಡರು. ಹೆಲ್ಮೆಟ್ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ 1941ರಲ್ಲಿ ಕೇರ್ನ್ಸ್ ಬೈಕ್ ಸವಾರರ ತಲೆಪೆಟ್ಟು ಮತ್ತು ಹೆಲ್ಮೆಟ್ ಬಗ್ಗೆ ಪ್ರಸಿದ್ಧ ಪ್ರಬಂಧ ಬರೆದರು. ಅವರ ಜೊತೆ ಆಕ್ಸ್‌ಫರ್ಡ್‌ನಲ್ಲಿ ಕೆಲಸ ಮಾಡಿದ ಹೋಲ್ಬರ್ನ್ ಡಾಕ್ಟರ್ ಅಲ್ಲ, ಭೌತವಿಜ್ಞಾನಿ. ಅವರು ಜೆಲಾಟಿನ್‌ನಲ್ಲಿ ಮೆದುಳಿನ ಮಾದರಿ ಮಾಡಿ, 1943ರಲ್ಲಿ ಒಂದು ಮಾತು ಹೇಳಿದರು: ಮೆದುಳಿಗೆ ಹಾನಿ ಮಾಡೋದು ಮುಖ್ಯವಾಗಿ ತಲೆ ನೇರವಾಗಿ ನಿಲ್ಲೋದಲ್ಲ, ತಟ್ಟನೆ ತಿರುಗೋದು.

ಮೆಕ್ಯಾನಿಕಲ್, ಸಿವಿಲ್‌ನವರಿಗೆ ಇದು ಬೇಗ ಅರ್ಥ ಆಗತ್ತೆ. ಮೆದುಳಿನ ಬಲ್ಕ್ ಮಾಡ್ಯುಲಸ್ ನೀರಿನ ಹಾಗೆ ಬಹಳ ಹೆಚ್ಚು, ಒತ್ತಿದರೆ ಕುಗ್ಗಲ್ಲ. ಆದ್ರೆ ಶಿಯರ್ ಮಾಡ್ಯುಲಸ್ ಬಹಳ ಕಡಿಮೆ, ಜಾರಿಸಿದರೆ ಹರಿಯುತ್ತೆ. ಉಳಿದ ಬ್ರಾಂಚಿನವರು ಮನೇಲಿ ಗಟ್ಟಿ ಮೊಸರಿನ ಪಾತ್ರೆ ತಗೊಂಡು ನೋಡಿ. ಮೇಜಿನ ಮೇಲೆ ನೇರಕ್ಕೆ ತಳ್ಳಿ ನಿಲ್ಲಿಸಿದ್ರೆ ಮೊಸರು ಹಾಗೇ ಇರತ್ತೆ. ಪಾತ್ರೆಯನ್ನು ಗಬಕ್ಕನೆ ಅರ್ಧ ಸುತ್ತು ತಿರುಗಿಸಿದ್ರೆ ಅಂಚಿನಿಂದ ಬಿಟ್ಕೊಳ್ಳುತ್ತೆ. (ಅಮ್ಮ ಬೈದರೆ ನಾವು ಜವಾಬ್ದಾರರಲ್ಲ.) ಮಣ್ಣು ದಾರಿಯಲ್ಲಿ ಬೀಳುವವರು ಸುತ್ತಿಗೆ ಹೊಡೆದ ಹಾಗೆ ನೇರಕ್ಕೆ ಬೀಳೋದು ಅಪರೂಪ. ಓರೆಯಾಗಿ ಬೀಳ್ತಾರೆ, ನೆಲ ಹೆಲ್ಮೆಟನ್ನು ಹಿಡಿದು ತಿರುಗಿಸುತ್ತೆ, ಅದರ ಜೊತೆ ತಲೆಯೂ ತಿರುಗುತ್ತೆ. ನಮ್ಮ ಗೆಳೆಯನಿಗೆ ಆಗಿದ್ದೂ ಇದೇ.

ಸ್ಕ್ಯಾನ್‌ನಲ್ಲಿ ಯಾಕೆ ಕಾಣಲಿಲ್ಲ

ಸಿಟಿ ಸ್ಕ್ಯಾನ್ ಹುಡುಕೋದು ರಕ್ತಸ್ರಾವ ಮತ್ತು ಮುರಿತವನ್ನು. ಅದು ಅಗತ್ಯವೇ, ಯಾಕಂದ್ರೆ ರಕ್ತಸ್ರಾವ ಇದ್ದರೆ ಗಂಟೆಗಳಲ್ಲಿ ಜೀವ ಹೋಗಬಹುದು. ಆದ್ರೆ ಕನ್‌ಕಶನ್ ನಡೆಯೋದು ಜೀವಕೋಶದ ಮಟ್ಟದಲ್ಲಿ. ನರಕೋಶಗಳು ಎಳೆದಾಡಿದಾಗ ಒಳಗಿನ ಪೊಟ್ಯಾಸಿಯಂ ಹೊರಗೆ ಸುರಿಯುತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಇದನ್ನು ಸರಿಮಾಡೋಕೆ ಕೋಶದ ಪಂಪುಗಳು ಓವರ್‌ಟೈಮ್ ಕೆಲಸ ಮಾಡ್ಬೇಕು, ಅದಕ್ಕೆ ಗ್ಲೂಕೋಸ್ ಬೇಕು. ಅದೇ ಹೊತ್ತಿಗೆ ಮೆದುಳಿನ ರಕ್ತದ ಹರಿವು ಕಡಿಮೆಯಾಗಿರುತ್ತೆ. ಬೇಡಿಕೆ ಜಾಸ್ತಿ, ಪೂರೈಕೆ ಕಡಿಮೆ. ಇದರ ಫೋಟೋ ಸಿಟಿಯಲ್ಲಿ ಬರಲ್ಲ. ಲೋಡ್ ಶೆಡ್ಡಿಂಗ್ ಆದ ಊರನ್ನು ಹಗಲಲ್ಲಿ ಫೋಟೋ ತೆಗೆದ ಹಾಗೆ, ಕಟ್ಟಡಗಳೆಲ್ಲ ನೆಟ್ಟಗೇ ಕಾಣುತ್ತವೆ.

ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಶನ್ ಅನ್ನೋದು ನಮ್ಮಲ್ಲಿ ಬೇರೂರಿರುವ ತಪ್ಪು ನಂಬಿಕೆ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪೋದೇ ಇಲ್ಲ. ಕೇಳಿದ್ದನ್ನೇ ಕೇಳೋದು, ಮಂಕಾಗಿ ಕೂರೋದು, ಬೆಳಕು ಸದ್ದು ಸಹಿಸಲಾಗದಿರೋದು, ತಲೆಸುತ್ತು, ನಿದ್ದೆ ಕೆಡೋದು, ಸಣ್ಣದಕ್ಕೆಲ್ಲ ಸಿಡುಕೋದು, ಇವು ಲಕ್ಷಣಗಳು. ಮೂರು ಸಲ ದಾರಿ ಕೇಳಿದಾಗಲೇ ನಮಗೆ ಹೊಳೀಬೇಕಿತ್ತು.

ಇದಕ್ಕಿಂತ ಗಂಭೀರವಾದವು ಬೇರೆ ಇವೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನ ಬಲ ಕುಂದೋದು, ಒಂದು ಕಣ್ಣಿನ ಪಾಪೆ ದೊಡ್ಡದಾಗೋದು, ಮಾತು ತೊದಲೋದು. ಇವುಗಳಲ್ಲಿ ಒಂದು ಕಂಡರೂ ವಾರ್ಡನ್ ಪರ್ಮಿಷನ್‌ಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕತ್ತು ನೋವು ಅಂದರೆ ಹೆಲ್ಮೆಟ್ ಎಳೆದು ತೆಗೆಯೋಕೂ ಹೋಗಬೇಡಿ.

ವಾಸಿಯಾಗೋದು

ಮೊದಲು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸೋ ಪದ್ಧತಿ ಇತ್ತು. ಈಗ ಹಾಗೆ ಹೇಳಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೀಡಾ ಕನ್‌ಕಶನ್ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆದು, 2023ರಲ್ಲಿ ಅದರ ಒಮ್ಮತದ ಹೇಳಿಕೆ ಬಂತು. ಅದರ ಸಾರ ಹೀಗಿದೆ: ಮೊದಲ 24ರಿಂದ 48 ಗಂಟೆ ಸಾಪೇಕ್ಷ ವಿಶ್ರಾಂತಿ, ಅಂದ್ರೆ ಮನೆಯೊಳಗೆ ಓಡಾಡಬಹುದು, ಮೆಲ್ಲಗೆ ವಾಕ್ ಹೋಗಬಹುದು, ಆದ್ರೆ ಫೋನು ಲ್ಯಾಪ್‌ಟಾಪ್ ಆದಷ್ಟು ಕಡಿಮೆ. ಆಮೇಲೆ ಹಗುರವಾದ ವ್ಯಾಯಾಮ, ನಂತರ ಸ್ವಲ್ಪ ಜಾಸ್ತಿ. ಪ್ರತಿ ಹಂತಕ್ಕೂ ಸಾಮಾನ್ಯವಾಗಿ ಕನಿಷ್ಠ ಒಂದು ದಿನ. ತಲೆನೋವು ಸ್ವಲ್ಪ ಏರಿ ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ ಮಾರನೇ ದಿನ ಮತ್ತೆ ನೋಡೋದು. ತಲೆಗೆ ಮತ್ತೆ ಪೆಟ್ಟಾಗಬಹುದಾದ ಆಟ, ನಮ್ಮ ವಿಷಯದಲ್ಲಿ ಫುಟ್‌ಬಾಲ್ ಮತ್ತು ಬೈಕ್, ಲಕ್ಷಣಗಳೆಲ್ಲ ಹೋಗಿ ಡಾಕ್ಟರ್ ಒಪ್ಪಿದ ಮೇಲೆಯೇ.

ನಮ್ಮಂಥವರಿಗೆ ಕಷ್ಟದ್ದು ಓದು. ನಮ್ಮ ಗೆಳೆಯ ಎರಡನೇ ಸಲ ಸರಿಯಾಗಿ ಶುರು ಮಾಡಿದ್ದು ಹೀಗೆ: 20 ನಿಮಿಷ ಪ್ರಿಂಟ್ ಹಾಕಿದ ನೋಟ್ಸ್, 10 ನಿಮಿಷ ಕಣ್ಣು ಮುಚ್ಚಿ ಕೂರೋದು. ಮೊದಲು ದಿನಕ್ಕೆ ಎರಡು ಕ್ಲಾಸು, ಆಮೇಲೆ ಅರ್ಧ ದಿನ. ಡ್ರಾಯಿಂಗ್ ಸಾಫ್ಟ್‌ವೇರ್ ಲ್ಯಾಬ್ ಎಲ್ಲಕ್ಕಿಂತ ಕೊನೆಗೆ, ಯಾಕಂದ್ರೆ ಪರದೆಯ ಮೇಲೆ ಮಾಡೆಲ್ ತಿರುಗಿಸಿದರೆ ಅವನ ತಲೆಯೂ ತಿರುಗುತ್ತಿತ್ತು. ಡಾಕ್ಟರ್ ಪತ್ರ ತಗೊಂಡು ಕ್ಲಾಸ್ ಟೀಚರ್ ಹತ್ತಿರ ಹೋದಾಗ ಅವರು ಅರ್ಥ ಮಾಡ್ಕೊಂಡ್ರು. ಮೂರನೇ ದಿನವೇ ಹೋಗಿದ್ದಿದ್ರೆ ಬಹುಶಃ ಆ ಇಂಟರ್ನಲ್ಸೂ ಉಳೀತಿತ್ತೇನೋ.

ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದ ಆಸುಪಾಸಿನಲ್ಲಿ ಸರಿಹೋಗ್ತಾರೆ. ನಾಲ್ಕು ವಾರ ದಾಟಿದರೆ ಮತ್ತೆ ತಜ್ಞರ ಹತ್ತಿರ ಹೋಗಲೇಬೇಕು. ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅದು ಮೊದಲಿನದಕ್ಕಿಂತ ಚಿಕ್ಕದಾಗಿದ್ರೂ ಚೇತರಿಕೆ ಬಹಳ ಎಳೆಯುತ್ತೆ. ಅಪರೂಪಕ್ಕೆ, ಮುಖ್ಯವಾಗಿ ಎಳೆಯ ವಯಸ್ಸಿನವರಲ್ಲಿ, ಮೆದುಳು ಊದಿಕೊಂಡು ಜೀವವೇ ಹೋಗಿದೆ. ಅವನನ್ನು ಆರನೇ ದಿನ ಗೋಲ್‌ಕೀಪರ್ ಮಾಡಿ ನಿಲ್ಲಿಸಿದ್ದು ನಾವೇ. ಇದನ್ನು ಓದಿದ ರಾತ್ರಿ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಹೆಲ್ಮೆಟ್ ಅಂಗಡಿಯಲ್ಲಿ

ಒಳ್ಳೇ ಹೆಲ್ಮೆಟ್ ಇದ್ರೆ ಏನೂ ಆಗಲ್ಲ ಅನ್ನೋರಿಗೆ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರನ್ನು ನೆನಪಿಸುತ್ತೀವಿ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯ ನಾಲ್ಕನೇ ಹಂತದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯ್ತು. ಹೆಲ್ಮೆಟ್ ಇತ್ತು, ಅನುಭವ ಇತ್ತು. ಅವರು ಬದುಕಿ ವಾಪಸ್ ಬಂದರು ಅನ್ನೋದೂ ಅಷ್ಟೇ ನಿಜ.

ಆಯ್ಕೆ ಮಾಡುವಾಗ ನಮ್ಮ ಪ್ರಕಾರ ಮೊದಲ ಪ್ರಶ್ನೆ ಬ್ರಾಂಡ್ ಅಲ್ಲ, ಫಿಟ್. ಸಡಿಲ ಹೆಲ್ಮೆಟ್‌ನಲ್ಲಿ ಪೆಟ್ಟು ಬೀಳುವ ಹೊತ್ತಿಗೆ ಫೋಮ್ ಸರಿಯಾದ ಜಾಗದಲ್ಲೇ ಇರಲ್ಲ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಟೇಪ್ ಸುತ್ತಿ ಅಳತೆ ತಗೊಳ್ಳಿ. ಹಾಕ್ಕೊಂಡಾಗ ಕೆನ್ನೆ ಮೀನಿನ ಬಾಯಿಯ ಹಾಗೆ ಒಳಗೆ ಒತ್ತಬೇಕು. ಹೆಲ್ಮೆಟ್ ಹಿಡಿದು ಪಕ್ಕಕ್ಕೆ ತಿರುಗಿಸಿದರೆ ಮುಖದ ಚರ್ಮವೂ ಜೊತೆಗೆ ಎಳೀಬೇಕು, ಹೆಲ್ಮೆಟ್ ಮಾತ್ರ ಜಾರಬಾರದು. ಪಟ್ಟಿ ಕಟ್ಟಿ, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅಲ್ಲೇ ಬಿಟ್ಟು ಬನ್ನಿ. ಅಂಗಡಿಯವರು ಮುಖ ಗಂಟಿಕ್ಕಿದರೂ ಹದಿನೈದು ನಿಮಿಷ ಹಾಕ್ಕೊಂಡೇ ಇರಿ. ಹಣೆಯಲ್ಲಿ ಒಂದೇ ಕಡೆ ನೋವು ಬಂದರೆ ಆ ಮಾಡೆಲ್ ನಿಮ್ಮ ತಲೆಯ ಆಕಾರಕ್ಕೆ ಅಲ್ಲ, ಒಂದು ಸೈಜ್ ದೊಡ್ಡದು ತಗೊಳ್ಳೋದು ಪರಿಹಾರವೂ ಅಲ್ಲ.

ನಮ್ಮ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯ. 2021ರ ಜೂನ್ 1ರಿಂದ ಆ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಫುಟ್‌ಪಾತ್‌ನಲ್ಲಿ ನಕಲಿ ಸ್ಟಿಕರ್ ಧಾರಾಳವಾಗಿ ಸಿಗೋದರಿಂದ, ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಐಎಸ್‌ಐ ಜೊತೆಗೆ ಇಸಿಇ 22.06 ಕೂಡ ಇದ್ದರೆ ಇನ್ನೂ ಒಳ್ಳೇದು, ಯಾಕಂದ್ರೆ ಅದರಲ್ಲಿ ಓರೆಯಾಗಿ ಬಡಿಸಿ ತಿರುಗುವಿಕೆಯನ್ನೂ ಅಳೀತಾರೆ, 22.05ರಲ್ಲಿ ಆ ಅಳತೆ ಇರಲಿಲ್ಲ. ಮಿಪ್ಸ್ ಅನ್ನೋ ಹಳದಿ ಪದರವೂ ಇದೇ ಸಮಸ್ಯೆಗೆ ಸ್ವೀಡನ್ನಿನವರು ಹುಡುಕಿದ ಉತ್ತರ. ಪೆಟ್ಟು ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ 10ರಿಂದ 15 ಮಿಲಿಮೀಟರ್ ಜಾರುವಂತೆ ಮಾಡಿ, ತಿರುಗುವ ಬಲದ ಸ್ವಲ್ಪ ಭಾಗವನ್ನು ಅಲ್ಲೇ ಕಳೆಯುತ್ತೆ. ಸ್ವಲ್ಪ ಭಾಗ, ಪೂರ್ತಿ ಅಲ್ಲ.

ಡರ್ಟ್ ಹೆಲ್ಮೆಟ್‌ನ ಉದ್ದ ಗದ್ದ, ಗಾಗಲ್ ಜಾಗ, ದೊಡ್ಡ ಗಾಳಿಕಿಂಡಿಗಳು ಏದುಸಿರು ಬಿಡುತ್ತಾ ನಿಧಾನಕ್ಕೆ ಓಡಿಸುವವರಿಗಾಗಿ. ಮೇಲಿನ ಪೀಕ್ ಬಿಸಿಲು ಮಣ್ಣು ತಡೆಯೋಕೆ ಚೆನ್ನ, ಹೈವೇಯಲ್ಲಿ ಗಾಳಿಗೆ ಕತ್ತು ಎಳೆಯುತ್ತೆ. ಅದರ ಸ್ಕ್ರೂಗಳು ಪ್ಲಾಸ್ಟಿಕ್ ಆಗಿರೋದು ಕಂಜೂಸ್‌ತನ ಅಲ್ಲ. ಬಿದ್ದಾಗ ಪೀಕ್ ನೆಲಕ್ಕೆ ಸಿಕ್ಕಿ ಕತ್ತು ತಿರುಚುವ ಮೊದಲೇ ಮುರಿದು ಹೋಗಲಿ ಅಂತ. ಕಳೆದುಹೋದ್ರೆ ವರ್ಕ್‌ಶಾಪಿನಿಂದ ಸ್ಟೀಲ್ ಬೋಲ್ಟ್ ತಂದು ಹಾಕೋ ಇಂಜಿನಿಯರಿಂಗ್ ಮಾಡಬೇಡಿ. ನಮ್ಮಲ್ಲಿ ಒಬ್ಬ ಮಾಡಿದ್ದ.

ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಮಾತ್ರ ಬೇಡವೇ ಬೇಡ. ಸೀನಿಯರ್ ಎಷ್ಟೇ ಒಳ್ಳೆಯವರಾಗಿರಲಿ, ಅದು ಎಲ್ಲಿ ಬಿದ್ದಿತ್ತು ಅಂತ ಹೆಲ್ಮೆಟ್ ಹೇಳಲ್ಲ.

ಹಾಗಂತ ಬಾಯಲ್ಲಿ ಹೇಳೋದು ಬೇಡ ಅಂತ, ಗೆಳೆಯನ ಆ 'ನಾರ್ಮಲ್' ಹೆಲ್ಮೆಟನ್ನು ವರ್ಕ್‌ಶಾಪಿನಲ್ಲಿ ಹ್ಯಾಕ್‌ಸಾದಿಂದ ಅಡ್ಡ ಕೊಯ್ದು ನೋಡಿದ್ವಿ. ಬಲಗಡೆ ಫೋಮ್ ಚಿಪ್ಪಿಗೆ ಅಂಟಿಕೊಂಡು ನೀಟಾಗಿತ್ತು. ಎಡಗಡೆ, ಗೀರು ಇದ್ದ ಜಾಗದ ಹಿಂದೆ, ಚಿಪ್ಪು ಪುಟಿದು ತನ್ನ ಆಕಾರಕ್ಕೆ ವಾಪಸ್ ಬಂದಿತ್ತು, ಫೋಮ್ ಬಂದಿರಲಿಲ್ಲ. ನಡುವೆ ಬೆರಳಿನ ತುದಿ ತೂರುವಷ್ಟು ಸಂದು. ವರ್ನಿಯರ್ ಹಿಡಿದು ಅಳೆದಾಗ ಅಲ್ಲಿ ಫೋಮ್ ಬಲಗಡೆಗಿಂತ 9 ಮಿಲಿಮೀಟರ್ ತೆಳುವಾಗಿತ್ತು. ಇದೇ ಹೆಲ್ಮೆಟ್ ಹಾಕ್ಕೊಂಡು ಅವನು ನಾಲ್ಕನೇ ದಿನ ಪೇಟೆಗೆ ಹೋಗಿ ಬಂದಿದ್ದ. ಕೊಯ್ದ ಎರಡು ಹೋಳು ಈಗ ನಮ್ಮ ರೂಮಿನ ಕಿಟಕಿಯ ಮೇಲಿವೆ. ನೋಡಬೇಕು ಅನ್ನೋರು ಸಂಜೆ ಐದರ ಮೇಲೆ ಬನ್ನಿ, ವರ್ನಿಯರ್ ಕೊಡ್ತೀವಿ.