ಬೋರು ಬತ್ತುವ ಮುನ್ನ ಯಾವ ಬೆಳೆ ಬಿಡಬೇಕು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗದ ಲಿಂಬೆ ಬೆಳೆಗಾರರು ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡ ಬೇಸಿಗೆಗಳು ಒಂದೆರಡಲ್ಲ. ಅಷ್ಟಾದರೂ ಎಷ್ಟೋ ಹೊಲಗಳಲ್ಲಿ ಪಕ್ಕದ ಕಬ್ಬು, ಉಳ್ಳಾಗಡ್ಡಿ ಅದೇ ಬೋರಿನ ನೀರು ಕುಡಿಯುತ್ತಿರುತ್ತವೆ. ಯಾವುದನ್ನೂ ಬಿಡಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಕಬ್ಬು ಒಣಗಿದರೆ ಮುಂದಿನ ವರ್ಷ ಮತ್ತೆ ಹಚ್ಚಬಹುದು. ಲಿಂಬೆ ಒಣಗಿದರೆ ಹೊಸ ಸಸಿ ಫಲಕ್ಕೆ ಬರಲು ನಾಲ್ಕೈದು ವರ್ಷ ಕಾಯಬೇಕು. ಆದ್ದರಿಂದ ತೊಗರಿ ರಾಶಿ ಮುಗಿಯುವ ಹೊತ್ತಿಗೇ ಏನು ಬಿಡುವುದೆಂದು ನಿರ್ಧರಿಸಿಬಿಡಿ.

ಮೊದಲ ಕೆಲಸ, ನೀರು ಅಳೆಯುವುದು. ಬೋರಿನ ಪೈಪನ್ನು 200 ಲೀಟರ್ ಡ್ರಮ್ಮಿಗೆ ಬಿಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಿ. 4 ನಿಮಿಷ ಹಿಡಿದರೆ ತಾಸಿಗೆ 3,000 ಲೀಟರ್. ಕರೆಂಟು 5 ತಾಸು ಇದ್ದರೆ ದಿನಕ್ಕೆ 15,000. 20 ಅಡಿ ಅಂತರದಲ್ಲಿ ಲಿಂಬೆ ಹಚ್ಚಿದ ಎರಡು ಎಕರೆಯಲ್ಲಿ ಸುಮಾರು 215 ಗಿಡಗಳಿರುತ್ತವೆ. ಡ್ರಿಪ್ಪಿನಲ್ಲಿ ಒಂದೊಂದಕ್ಕೆ 70 ಲೀಟರ್ ಸಿಗುತ್ತದೆ. ಈಗ ಕಬ್ಬಿನ ಲೆಕ್ಕ ನೋಡಿ: ಅರ್ಧ ಎಕರೆಗೆ ಎರಡು ಇಂಚು ನೀರು ಹಾಯಿಸಿದರೆ ಒಂದು ಲಕ್ಷ ಲೀಟರ್ ಬೇಕು. ಅಂದರೆ ಬೋರಿನ ಒಂದು ವಾರದ ನೀರು ಒಂದೇ ಸಲಕ್ಕೆ ಹೋಯಿತು! ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಬೋರನ್ನೇ ನಂಬಿದವರು ಮೊದಲು ಬಿಡಬೇಕಾದದ್ದು ಕಬ್ಬನ್ನೇ.

ನಿಂತ ಕಬ್ಬನ್ನು ಕಿತ್ತೆಸೆಯಿರಿ ಎಂದು ಹೇಳುತ್ತಿಲ್ಲ. ಕಟಾವಾದ ಮೇಲೆ ಕುಳೆ ಬಿಡಬೇಡಿ, ಅಷ್ಟೇ. ರವದಿಗೆ ಬೆಂಕಿ ಹಚ್ಚದೆ ಲಿಂಬೆ ಗಿಡದ ಸುತ್ತ ದಪ್ಪಗೆ ಹರಡಿ. ಕಾಂಡಕ್ಕೆ ಮಾತ್ರ ತಾಗದಿರಲಿ. ಮಣ್ಣಿನ ತೇವ ಬಹಳ ದಿನ ನಿಲ್ಲುತ್ತದೆ.

ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಕಾಲುವೆ ನೀರು ನಂಬಿದವರಿಗೂ ಇದೇ ಲೆಕ್ಕ. ಆದರೆ ನೀವು ಕಾಲುವೆ ಬಂದ್ ಆಗುವ ದಿನದಿಂದ ಎಣಿಸಬೇಕು. ವಾರಾಬಂದಿಯ ಕೊನೆಯ ಸರದಿಯ ನೀರು ನಂಬಿ ಬೇಸಿಗೆ ಉಳ್ಳಾಗಡ್ಡಿ ಹಚ್ಚಬೇಡಿ.

ಇನ್ನು ತೋಟದೊಳಗೆ ಬನ್ನಿ. ತುದಿಯಿಂದ ಒಣಗುತ್ತ ಬಂದ, ಅಂಟು ಸುರಿಸುವ, ಎರಡು ಮೂರು ವರ್ಷದಿಂದ ಕಾಯಿ ಕೊಡದ ಗಿಡಗಳಿಗೆ ಸುಣ್ಣದ ಗುರುತು ಹಾಕಿ, ಅವುಗಳ ಡ್ರಿಪ್ಪರ್ ಮುಚ್ಚಿ. ಅಪ್ಪ ಹಚ್ಚಿದ ಗಿಡ ಎಂಬ ಕಕ್ಕುಲಾತಿ ನನಗೆ ಅರ್ಥವಾಗುತ್ತದೆ. ಆದರೂ ಆ ನೀರು ಚೆನ್ನಾಗಿರುವ ಗಿಡಕ್ಕೆ ಸಲ್ಲಬೇಕು. ಒಣ ಟೊಂಗೆ, ನೀರುಚಿಗುರು ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ.

ಎಲ್ಲ ಹೂವನ್ನೂ ಕಾಯಿ ಮಾಡಿಸುವ ಆಸೆಯನ್ನೂ ಬಿಡಬೇಕು. ಜನವರಿ–ಫೆಬ್ರವರಿಯ ಹೂವು ಮಳೆಗಾಲಕ್ಕೆ ಹಣ್ಣಾಗುತ್ತದೆ, ಆಗ ಮಾರುಕಟ್ಟೆ ತುಂಬಿ ದರ ಬೀಳುತ್ತದೆ. ಸೆಪ್ಟೆಂಬರ್–ಅಕ್ಟೋಬರದ ಹಸ್ತ ಬಹಾರದ ಹಣ್ಣು ಬೇಸಿಗೆಗೆ ಬರುತ್ತದೆ, ಆಗಲೇ ಬೇಡಿಕೆ ಹೆಚ್ಚು. ನೀರು ಕಡಿಮೆ ಇದ್ದವರು ಹಸ್ತ ಬಹಾರವೊಂದನ್ನೇ ಗಟ್ಟಿಯಾಗಿ ಹಿಡಿಯಲಿ. ಗಿಡ ತೀರ ಸೊರಗಿದ್ದರೆ ಎಳೆಗಾಯಿ ಕಿತ್ತುಹಾಕಿ ಗಿಡ ಉಳಿಸಿಕೊಳ್ಳಿ.

2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ನಿಮ್ಮ ಗಿಡದ ವಯಸ್ಸು, ಮಣ್ಣು ನೋಡಿ ಎಷ್ಟು ನೀರು ಬೇಕೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅಲ್ಲಿಗೆ ಹೋಗುವ ಮುಂಚೆ, ಈ ವಾರವೇ, ಬೋರಿನ ಬಾಯಿಗೆ ಡ್ರಮ್ಮು ಇಟ್ಟು ನೀರು ಅಳೆದುಕೊಳ್ಳಿ.